ಅತ್ತೆ ತೋರಿಸಿದ್ದ ಹಗೇವು

ಮೊರದಲ್ಲಿ ಜೋಳ ಕೇರುತ್ತಾ ಕುಳಿತಿದ್ದೆ. ಪಕ್ಕದ ಮನೆಯ ಹಸೀನಾ ಬಾಗಿಲಲ್ಲೇ ನಿಂತು, "ಅಕ್ಕಾ, ಅಗಸಿ ಮುಂದಿನ ಬಯಲಾಗ ಪಾಯಾ ಅಗಿಯಾಕ ಆಳು ಬಂದಾರ ನೋಡು" ಎಂದಳು. ನಮ್ಮೂರ ಹಳೆಯ ಕೋಟೆಯ ಹತ್ತಿರ ಹಕ್ಕಿ, ಗಿಡಗಳ ಅಧ್ಯಯನ ಕೇಂದ್ರ ಕಟ್ಟುತ್ತಾರೆಂದು ಕೇಳಿದ್ದೆ. ಅದು ಊರಬಾಗಿಲ ಮುಂದಿನ ಆ ಬಯಲಲ್ಲೇ ಎಂದು ಗೊತ್ತಿರಲಿಲ್ಲ.

ಅಲ್ಲಿ ನೆಲದೊಳಗೆ ನಮ್ಮ ಮನೆತನದ ಹಗೇವು ಇದೆ. ಹಿಂದಿನವರು ಜೋಳ ತುಂಬಿಡುತ್ತಿದ್ದ, ಎರಡಾಳು ಆಳದ ಗುಂಡಿ. ಕಳ್ಳರ ಭಯಕ್ಕೆ ಅದರ ಜಾಗ ಯಾರಿಗೂ ಹೇಳುತ್ತಿರಲಿಲ್ಲ. ಅತ್ತೆ ಸಾಯುವ ಮುಂಚೆ ನನಗೊಬ್ಬಳಿಗೇ ತೋರಿಸಿ, ಬಾಯಿ ಬಿಡಬಾರದೆಂದು ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದ್ದರು.

ಆದರೆ ಅಗಿಯುವವರು ಒಳಗೆ ಬಿದ್ದರೆ? ಓಡಿದೆ. ನಕ್ಷೆ ಹಿಡಿದು ನಿಂತಿದ್ದ ಕೇಂದ್ರದ ವಿನ್ಯಾಸಕಿಗೆ, "ಬಾಯಾರ, ಇಲ್ಲಿ ಅಗಿಸಬ್ಯಾಡ್ರಿ, ಕೆಳಗ ಪೊಳ್ಳ ಐತಿ" ಎಂದೆ.

ಮೇಸ್ತ್ರಿ ನಕ್ಕ. "ಏನೂ ಇಲ್ಲಂತ ಊರ ಹಿರೇರ ಹೇಳ್ಯಾರಬೇ. ನಿನಗೇನ ಕನಸ ಬಿತ್ತೇನು?"

ಆಕೆ ನಗಲಿಲ್ಲ. ಇಸ್ತ್ರಿ ಮಾಡಿದ ಸೀರೆಯಲ್ಲೇ ಮಣ್ಣಿನ ಮೇಲೆ ಮಲಗಿ ನೆಲಕ್ಕೆ ಕಿವಿ ಹಚ್ಚಿದರು. ನಾನು ಹಾರೆಯಿಂದ ಮೆಲ್ಲಗೆ ಕುಟ್ಟಿದೆ. ಕೆಳಗಿನಿಂದ ಟೊಳ್ಳು ಸದ್ದು ಬಂತು; ಅದು ನಮ್ಮ ಹಗೇವೆಂದು ಹೇಳಿಬಿಟ್ಟೆ. ಆಕೆ ಎದ್ದವರೇ ಆಳುಗಳನ್ನು ದೂರ ಸರಿಸಿ, ನಕ್ಷೆಯಲ್ಲಿ ಕಟ್ಟಡವನ್ನು ಆಚೆಗೆ ಬರೆದುಕೊಂಡರು. "ಕೇಂದ್ರಕ್ಕೆ ಬಂದವರು ಮೊದಲು ಈ ಹಗೇವನ್ನೇ ನೋಡಲಿ" ಎಂದರು.

ಯಾರಿಗೂ ತೋರಿಸಬೇಡವೆಂದ ಹಗೇವನ್ನು ಈಗ ಪರಊರಿನವರೂ ಇಣುಕಿ ನೋಡುತ್ತಾರೆ. ಅತ್ತೆಗೆ ಕೊಟ್ಟ ಮಾತು ಮುರಿಯಿತು, ಆದರೆ ಯಾರೂ ಬೀಳಲಿಲ್ಲ. ಅಷ್ಟು ಶಿವನ ದಯೆ. ಅವತ್ತು ಮನೆಗೆ ಬಂದು ದೇವರ ಮುಂದೆ ತಪ್ಪಾಯಿತೆಂದು ಕೈಮುಗಿದು, ಉಳಿದ ಜೋಳ ಕೇರಿದೆ.