ಬಿಳಿ ಬುಷ್, ಕಪ್ಪು ಬುಷ್

ಕಾನ್ವೆಂಟಿನಲ್ಲಿ ಬೆಳೆದ ನನಗೆ ಗೆರೆ ಬಿದ್ದ ನೆಲವನ್ನು ಸಹಿಸಲಾಗುವುದಿಲ್ಲ. ಜಯನಗರದ ನರ್ಸಿಂಗ್ ಹೋಮಿನಲ್ಲಿ ಮೇಟ್ರನ್ ಆಗಿದ್ದಾಗ, ರೋಗಿಗಳು ಹಿಡಿದು ನಡೆಯುವ ವಾಕರುಗಳ ಕಾಲಿಗಿದ್ದ, ನೆಲಕ್ಕೆ ಗೆರೆ ಎಳೆಯುತ್ತಿದ್ದ ಕಪ್ಪು ರಬ್ಬರ್ ಬುಷ್ ತೆಗೆಸಿ ಬಿಳಿಯವನ್ನು ಹಾಕಿಸಿದೆ. ಬಿದ್ದು ಸೊಂಟದ ಆಪರೇಷನ್ ಆಗಿದ್ದ ರಾಯರು ರಬ್ಬರ್ ಕಾರ್ಖಾನೆಯ ನಿವೃತ್ತ ಕೆಮಿಸ್ಟ್. ಬಿಳಿ ಬುಷ್ಷನ್ನು ಉಗುರಿನಿಂದ ಗೀರಿದರು, ಪುಡಿ ಉದುರಿತು.

“ಇದಕ್ಕೆ ಬರೀ ಸುಣ್ಣದ ಪುಡಿ ತುಂಬಿದಾರೆ ಮೇಡಂ. ತೂಕ ಬರುತ್ತೆ, ಬಲ ಬರಲ್ಲ. ಕಪ್ಪಿನಲ್ಲಿರೋ ಮಸಿ ರಬ್ಬರನ್ನ ಹರಿಯೋಕೆ ಬಿಡಲ್ಲ.”

“ಬಿಳಿಯಲ್ಲಿ ಗಟ್ಟಿ ಇರೋದೇ ಇಲ್ವಾ?”

“ಸಿಲಿಕಾ ಅನ್ನೋ ಬಿಳಿ ಪುಡಿ ಹಾಕಿದ್ರೆ ಇರುತ್ತೆ. ನೀವು ತರಿಸಿರೋದು ಅದಲ್ಲ. ಇನ್ನೊಂದ್ಸಲ ಬಿದ್ರೆ ನಾನು ಏಳಲ್ಲ, ನಿಮ್ಮ ನೆಲ ಮಾತ್ರ ಚೆನ್ನಾಗಿರುತ್ತೆ.”

ಅವರು ಮಂಚದಿಂದ ಇಳಿಯಲೇ ಇಲ್ಲ. ಕಪ್ಪು ಬುಷ್ಷನ್ನೇ ಮತ್ತೆ ಹಾಕಿಸಿದೆ. ಅಂದು ಮೊದಲ ಬಾರಿಗೆ ರಾಯರು ಯಾರ ಕೈಯನ್ನೂ ಹಿಡಿಯದೆ ಬಾತ್‌ರೂಮಿಗೆ ಹೋಗಿಬಂದರು. ಬಂದವರೇ, ಅಲ್ಲಿಯ ನಲ್ಲಿಯ ರಬ್ಬರ್ ವಾಷರ್ ಸರಿಯಿಲ್ಲವೆಂದು ನನಗೆ ದೂರು ಕೊಟ್ಟರು.