ತುಪ್ಪದನ್ನ ಉಂಡು ಮಾಡಿದ ಒಪ್ಪಂದ

ದೋಹಾದಲ್ಲಿರುವ ನಮ್ಮ ಕರಾವಳಿಯವರು ಚಳಿಗಾಲದ ಶುಕ್ರವಾರಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಾರೆ. ಅದಕ್ಕೊಂದು ಹರಾಜೂ ಉಂಟು. ಪ್ರತಿ ತಂಡಕ್ಕೆ ನೂರು ಪಾಯಿಂಟು ಕೊಡುತ್ತಾರೆ, ಅದರಲ್ಲೇ ಕೂಗಿ ಆಟಗಾರರನ್ನು ತೆಗೆದುಕೊಳ್ಳಬೇಕು. ಹಳಬನೊಬ್ಬನನ್ನು ಹರಾಜಿಗೆ ಬಿಡದೆ ಉಳಿಸಿಕೊಳ್ಳಬಹುದು. ಒಂದು ವರ್ಷಕ್ಕಾದರೂ ಸರಿ, ಮೂರು ವರ್ಷಕ್ಕಾದರೂ ಸರಿ. ಆದರೆ ವರ್ಷ ವರ್ಷವೂ ನಲವತ್ತು ಪಾಯಿಂಟು ಅವನೊಬ್ಬನಿಗೇ ಹೋಗುತ್ತದೆ.

ನಮ್ಮ ತಂಡದ ಹಳಬರೆಂದರೆ ಒಬ್ಬರು ಬ್ಯಾರಿ ಅಣ್ಣ. ದೋಹಾದಿಂದ ದೂರ, ದುಖಾನ್ ಎಂಬ ತೈಲದ ಊರಿನಲ್ಲಿ ಪಂಪು ರಿಪೇರಿಯ ಕೆಲಸ. ಒಂದು ಕಾಲದಲ್ಲಿ ಅವರ ಯಾರ್ಕರ್ ಎಂದರೆ ಬ್ಯಾಟ್ಸ್‌ಮನ್‌ಗಳು ಮೊದಲು ಪಾದ ನೋಡಿಕೊಳ್ಳುತ್ತಿದ್ದರು. ಈಗ ವಯಸ್ಸು ನಲವತ್ತಾರು, ಬಲಗಾಲಿಗೆ ಮೊಣಕಾಲುಪಟ್ಟಿ. ನಾನು ತಂಡದ ಮ್ಯಾನೇಜರ್. ಮ್ಯಾನೇಜರ್ ಎಂದರೆ ನೀರಿನ ಬಾಟಲಿ ಹೊರುವವನು, ಸೋತಾಗ ಬೈಸಿಕೊಳ್ಳುವವನು. ದೋಹಾದ ಮುಶೈರಿಬ್‌ನಲ್ಲಿರುವ ನನ್ನ ಆಫೀಸಿನ ಕೆಳಗೆ ಚಹಾ ಕುಡಿಯುತ್ತಾ ನಾನೇ ಕ್ಯಾಪ್ಟನ್‌ಗೆ ಕಡ್ಡಿ ಮುರಿದಂತೆ ಹೇಳಿದ್ದೆ: "ಈ ಸಲ ಅಣ್ಣನನ್ನು ಬಿಡುವ. ಆ ನಲವತ್ತರಲ್ಲಿ ಇಬ್ಬರು ಹುಡುಗರು ಬರ್ತಾರೆ. ನನಗೆ ಒಮ್ಮೆಯಾದರೂ ಕಪ್ ಎತ್ತಬೇಕು ಮಾರಾಯ."

ಅಷ್ಟರಲ್ಲಿ ಅಣ್ಣನಿಂದಲೇ ಫೋನು ಬಂತು, ಶುಕ್ರವಾರ ಊಟಕ್ಕೆ ಬನ್ನಿ ಎಂದು. ಒಳ್ಳೆಯದೇ ಆಯಿತು, ಮುಖತಃ ಹೇಳಿಬಿಡುವ ಎಂದು ನಾನು, ಕ್ಯಾಪ್ಟನ್ ಹೊರಟೆವು. ದುಖಾನ್ ರಸ್ತೆಯುದ್ದಕ್ಕೂ ಮಾತು ಪಾಠ ಮಾಡಿಕೊಂಡೆ. ಗೌರವ, ಕೃತಜ್ಞತೆ, ಹೊಸಬರಿಗೆ ಅವಕಾಶ, ಎಲ್ಲ ಸೇರಿಸಿದ್ದೆ.

ನಾವು ಮಾಡಿದ ತಪ್ಪೇನೆಂದರೆ, ಹೇಳುವುದಕ್ಕೆ ಮೊದಲು ಉಣ್ಣಲು ಕೂತದ್ದು. ಅಕ್ಕ, ಅಂದರೆ ಅಣ್ಣನ ಹೆಂಡತಿ, ತುಪ್ಪದನ್ನ ಮತ್ತು ಕೋಳಿ ಸಾರು ಬಡಿಸಿದರು. ಮೇಲೆ ಹುರಿದ ಈರುಳ್ಳಿ, ಗೋಡಂಬಿ. ಸಾಕು ಎಂದರೂ ಬಿಡಲಿಲ್ಲ. ಮೂರನೆಯ ಸಲ ಬಡಿಸಿಕೊಂಡಾಗಲೇ ನನ್ನ ಭಾಷಣದ ಅರ್ಧ ಕರಗಿತ್ತು, ಪಾಯಸ ಬಂದ ಮೇಲೆ ಉಳಿದರ್ಧವೂ ಹೋಯಿತು. ಉಂಡ ಮನೆಗೆ ಎರಡು ಬಗೆಯುವುದು ಹೇಗೆ? ಕೈ ತೊಳೆದು ಬಂದು ಸೋಫಾದಲ್ಲಿ ಕೂತಾಗ ಅಣ್ಣ ಗಂಟಲು ಸರಿಮಾಡಿಕೊಂಡು, "ಒಂದು ಮಾತು ಹೇಳ್ಲಿಕ್ಕಿತ್ತು" ಎಂದರು. ಉಳಿಸಿಕೊಳ್ಳಿ ಎಂದು ಅವರ ಬಾಯಲ್ಲೇ ಹೇಳಿಸುವುದೇ ಎಂದು ನನಗೆ ತಡೆಯಲಾಗಲಿಲ್ಲ. "ನೀವು ಎಂತದೂ ಹೇಳುವುದು ಬೇಡ ಅಣ್ಣ. ಮೂರು ವರ್ಷಕ್ಕೆ ನೀವು ನಮ್ಮವರೇ. ಖಲಾಸ್, ಮಾತು ಮುಗಿಯಿತು!" ಎಂದುಬಿಟ್ಟೆ. ಕ್ಯಾಪ್ಟನ್ ನನ್ನನ್ನು ನುಂಗುವ ಹಾಗೆ ನೋಡಿದ. ಅಣ್ಣ ಕೈ ಒರೆಸಿದ ಟವೆಲಿನಿಂದಲೇ ಮುಖ ಒರೆಸಿಕೊಂಡು, "ಆಯ್ತು ಮಾರಾಯ" ಎಂದರು.

ವಾಪಸು ಬರುವಾಗ ಕ್ಯಾಪ್ಟನ್ ನನಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಉಳಿದ ಅರವತ್ತರಲ್ಲಿ ಸಿಕ್ಕಿದವರನ್ನು ಕಟ್ಟಿಕೊಂಡು ಆಡಿದೆವು, ಕಟ್ಟಕಡೆಯ ಸ್ಥಾನಕ್ಕೆ ಬಂದೆವು. ಅಣ್ಣ ಸುಲಭದ ಕ್ಯಾಚು ಬಿಟ್ಟು ತಾವೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಆ ನಗುವಿನ ಮುಂದೆ ನನ್ನ ಸಿಟ್ಟು ನಿಲ್ಲುತ್ತಿರಲಿಲ್ಲ. ನಿಜ ಹೇಳುತ್ತೇನೆ, ಇಷ್ಟು ಸೋತ ವರ್ಷವೂ ಇಲ್ಲ, ನಾನು ಇಷ್ಟು ಖುಷಿಯಾಗಿದ್ದ ವರ್ಷವೂ ಇಲ್ಲ.

ಕೊನೆಯ ಪಂದ್ಯ ದೇಶದ ಉತ್ತರ ತುದಿಯ ಅಲ್ ಶಮಾಲ್‌ನಲ್ಲಿ. ಬೆಳಗಿನ ಬಿಸಿಲಿಗೆ ಅಕ್ಕ ಚಾಪೆ ಹಾಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಅಣ್ಣ ಒಂದು ಓವರ್ ಹಾಕಿ ಕುಂಟುತ್ತಾ ಬೌಂಡರಿಯ ಕಡೆ ನಡೆದಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ತಮ್ಮಾ, ನಿಮಗೆ ಕರುಣೆ ಅಂತ ಒಂದು ಉಂಟಾ? ಡಾಕ್ಟ್ರು ಓಡಬಾರದು ಅಂದಿದ್ದಾರೆ. ಅವತ್ತು ಇವರು ನಿಮ್ಮನ್ನು ಊಟಕ್ಕೆ ಕರೆದದ್ದೇ, ಇನ್ನು ಆಡುವುದಿಲ್ಲ ಅಂತ ಹೇಳ್ಲಿಕ್ಕೆ. ನೀವು ಹೇಳ್ಲಿಕ್ಕೆ ಬಿಟ್ಟರೆ ತಾನೆ!"

ಬಿಡುತ್ತೇನೆ ಎನ್ನಲು ಅವರು ಕರೆದದ್ದು, ಬಿಡಿ ಎನ್ನಲು ನಾವು ಹೋದದ್ದು! ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಇಬ್ಬರೂ ಮೂರು ವರ್ಷಕ್ಕೆ ಸಿಕ್ಕಿಬಿದ್ದಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ಬಂದ ಕೂಡಲೇ ನಮ್ಮ ಕತೆಯನ್ನೂ ಹೇಳಿ, ಒಪ್ಪಂದ ಹರಿದುಹಾಕಿ, ಅವರನ್ನು ಬಿಡಿಸಿಬಿಡಬೇಕು ಎಂದುಕೊಂಡೆ.

ಪಂದ್ಯ ಮುಗಿದು ಅಣ್ಣ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತರು. "ಅಕ್ಕ ಎಲ್ಲ ಹೇಳಿದರು ಅಣ್ಣ. ಬೇಡ ಅಂತ ಅವತ್ತೇ ಯಾಕೆ ಹೇಳಲಿಲ್ಲ?" ಎಂದೆ.

ಅವರು ಹೆಂಡತಿಯ ಕಡೆ ನೋಡಿ ನಾಚಿದರು. "ಹೇಳಬೇಕು ಅಂತಲೇ ಇದ್ದೆ ಮಾರಾಯ. ಆದರೆ ನೀನು ಮೂರು ವರ್ಷ ಅಂದಿಯಲ್ಲ, ಅದೂ ನಾನು ಕೇಳದೆ! ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತನಾಲ್ಕು ವರ್ಷ ಆಯ್ತು ಈ ದೇಶಕ್ಕೆ ಬಂದು. ಕೆಲಸಕ್ಕೂ ವೀಸಾಕ್ಕೂ ಎಲ್ಲ ಕಡೆ ಒಂದೊಂದೇ ವರ್ಷದ ಕಾಗದ. ಮೂರು ವರ್ಷ ಬೇಕು ಅಂತ ನನ್ನನ್ನು ಕೇಳಿದ್ದು ನೀವು ಮಾತ್ರ."

ಹೇಳಬೇಕೆಂದಿದ್ದ ನಮ್ಮ ಕತೆಯನ್ನು ನುಂಗಿಕೊಂಡು ನಾನು ಅವರಿಗೊಂದು ಲೋಟ ಚಹಾ ಬಗ್ಗಿಸಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ನಾವು ಅವತ್ತು ಯಾಕೆ ಬಂದದ್ದೆಂದು ಅವರಿಗೆ ಆ ಕ್ಷಣ ಅರ್ಥವಾಯಿತು. ಅರ್ಥವಾದದ್ದು ನನಗೂ ಗೊತ್ತಾಯಿತು. ಅವರು ನಿಧಾನವಾಗಿ ಅಣ್ಣನ ಮೊಣಕಾಲುಪಟ್ಟಿ ಬಿಚ್ಚಿದರು.

"ಇನ್ನೂ ಎರಡು ವರ್ಷ ಉಂಟಲ್ಲ ತಮ್ಮಾ," ಎಂದರು ನನ್ನ ಕಡೆ ನೋಡದೆ. "ಆಡಲಿ."