ಒಳಗೆ ಬಿಟ್ಟ ಎರಡಿಂಚು

ಅವನಿಗೆ ಊರೆಲ್ಲ ಎರಡಿಂಚು ಮಾಸ್ಟರ್ ಎಂದೇ ಹೆಸರು. ಶಾಲೆಯ ಪಕ್ಕದ ಓಣಿಯಲ್ಲಿ, ಎರಡು ಹೊಲಿಗೆ ಯಂತ್ರ ಮತ್ತು ಒಂದು ಇಸ್ತ್ರಿ ಮೇಜು ಹಿಡಿಸುವಷ್ಟೇ ಅಗಲದ ಅಂಗಡಿ. ಯಾವ ಹುಡುಗಿಯ ಫ್ರಾಕು ಹೊಲಿದರೂ ಅಂಚಿನ ಒಳಗೆ ಎರಡಿಂಚು ಬಟ್ಟೆ ಮಡಿಸಿ ಬಿಡುತ್ತಿದ್ದ. ಆ ಮಡಿಕೆಗೆ ಮಾತ್ರ ಯಂತ್ರ ಮುಟ್ಟಿಸುತ್ತಿರಲಿಲ್ಲ. ಕೈಯಲ್ಲೇ ಸಡಿಲವಾಗಿ ಹೊಲಿದು, ನೂಲಿನ ತುದಿಯನ್ನು ಒಳಗಡೆ ಅರ್ಧ ಬೆರಳಿನಷ್ಟು ಜೋತುಬಿಡುತ್ತಿದ್ದ. ಮಗು ಬೆಳೆದಾಗ ತಾಯಿ ಆ ತುದಿ ಹಿಡಿದು ಎಳೆದರೆ ಸಾಕು, ಮಡಿಕೆ ಬಿಚ್ಚಿಕೊಂಡು ಫ್ರಾಕು ಉದ್ದವಾಗುತ್ತಿತ್ತು. ಒಂದೇ ಬಟ್ಟೆ ಮೂರು ವರ್ಷ ಬಂದರೆ ದರ್ಜಿಯ ಗತಿಯೇನು?

"ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೊಳ್ತೀರಲ್ರೀ," ಎಂದು ಹೆಂಡತಿ ನಗುತ್ತಿದ್ದಳು.

"ಮಕ್ಕಳು ಬೆಳೆಯೋದನ್ನ ನಾನು ತಡೆಯೋಕಾಗುತ್ತೇನೇ?" ಎನ್ನುತ್ತಿದ್ದ ಅವನು.

ಅವರಿಗೆ ಒಬ್ಬಳೇ ಮಗಳು, ಎಂಟು ವರ್ಷದವಳು. ಕಡ್ಡಿಯಂಥ ಮೈ, ದುಂಡು ಮುಖ. ಅದಕ್ಕೇ ಅಪ್ಪ ಅವಳನ್ನು ಗುಂಡುಸೂಜಿ ಎಂದು ಕರೆಯುತ್ತಿದ್ದ. ಶಾಲೆ ಬಿಟ್ಟೊಡನೆ ಅಂಗಡಿಗೆ ಓಡಿಬಂದು, ನೆಲಕ್ಕೆ ಬಿದ್ದ ಸೂಜಿಗಳನ್ನು ಅಯಸ್ಕಾಂತದ ತುಂಡಿನಿಂದ ಆರಿಸುವುದು ಅವಳ ಕೆಲಸ. ಒಂದು ಸೋಮವಾರ ಅವಳಿಗೆ ಜ್ವರ ಬಂತು. ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಇವರ ಮುಂದೆ ನಿಂತರು. ಅಷ್ಟೇ, ಮುಗಿದುಹೋಗಿತ್ತು. ಆ ಮೂರು ದಿನ ಅಪ್ಪನೆನಿಸಿಕೊಂಡವನು ಮಾಡಿದ್ದೇನು? ಹಣೆಗೆ ಒದ್ದೆ ಬಟ್ಟೆ ಇಟ್ಟ. ನರ್ಸ್ ಹೇಳಿದ ಕಡೆಗೆಲ್ಲ ಓಡಿದ. ಬಲ್ಲ ಪ್ರಾರ್ಥನೆಗಳನ್ನೆಲ್ಲ ಹೇಳಿ ಮುಗಿಸಿ ಮತ್ತೆ ಮೊದಲಿನಿಂದ ಹೇಳಿದ. ಯಾವುದೂ ಕೆಲಸಕ್ಕೆ ಬರಲಿಲ್ಲ.

ಸಮಾಧಿ ಮಾರನೆಯ ದಿನ ನಾಲ್ಕು ಗಂಟೆಗೆ ಎಂದಾಯಿತು. ಅಂದು ಬೆಳಿಗ್ಗೆ ಅವನು ಅಂಗಡಿಯ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗಿ, ಮಗಳಿಗೆ ಕೊನೆಯ ಫ್ರಾಕು ಹೊಲಿಯಲು ಬಿಳಿ ಬಟ್ಟೆ ಹರವಿ ಕತ್ತರಿ ಹಿಡಿದ. ಅವಳ ಅಳತೆ ಅವನಿಗೆ ಬಾಯಿಪಾಠ. ಕೈಸೂಜಿಗೆ ನೂಲು ಪೋಣಿಸಲು ಹೋದರೆ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ಕೊನೆಗೆ ಅಂಚಿಗೂ ಯಂತ್ರವನ್ನೇ ಓಡಿಸಿ ಮುಗಿಸಿದ.

ಅಷ್ಟರಲ್ಲಿ ಪಾದ್ರಿಯವರು ಹುಡುಕಿಕೊಂಡು ಬಂದರು. ಇವನು ಅವರ ಮುಖ ನೋಡಿದವನೇ ಕೇಳಿದ: "ಸತ್ತವರು ಎದ್ದು ಬರ್ತಾರೆ ಅಂತ ಪ್ರತಿ ಭಾನುವಾರ ಎಲ್ಲರ ಜೊತೆ ನಿಂತು ಹೇಳ್ತೀನಲ್ಲ ಪಾದ್ರಿಗಳೇ, ಎಂಟು ವರ್ಷದ ಮಗು ಎದ್ರೆ ಎಂಟರಲ್ಲೇ ಇದ್ದುಬಿಡುತ್ತಾ? ಬೆಳೆಯೋದೇ ಇಲ್ವಾ?"

ಪಾದ್ರಿಯವರು ಸಾಮಾನ್ಯರಲ್ಲ. ಯೋಗಕ್ಷೇಮ ಕೇಳಿದರೂ ಅರ್ಧ ಗಂಟೆ ಉಪದೇಶ ಕೊಡುವವರು. ಅವತ್ತು ಸ್ಟೂಲಿನ ಮೇಲೆ ಕುಸಿದು ಕೂತು, "ಗೊತ್ತಿಲ್ಲಪ್ಪ," ಎಂದರು. "ಯೇಸುಸ್ವಾಮಿ ಎದ್ದರು. ಅವಳನ್ನೂ ಎಬ್ಬಿಸ್ತಾರೆ. ನನಗೆ ಗೊತ್ತಿರೋದು ಅಷ್ಟೇ."

ಅಷ್ಟು ಇವನಿಗೆ ಸಾಲಲಿಲ್ಲ.

ಮೂರೂವರೆಗೆ ಮನೆಯ ನಡುಕೋಣೆಯಲ್ಲಿ ಹೆಂಡತಿಯೂ ಅವನ ಅಕ್ಕನೂ ಸೇರಿ ಮಗುವಿಗೆ ಫ್ರಾಕು ತೊಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಅಂಚು ಸರಿಮಾಡುತ್ತಿದ್ದ ಅಕ್ಕನ ಬೆರಳು ಅಲ್ಲೇ ನಿಂತಿತು.

"ಏನೋ ಇದು? ಇದಕ್ಕೂ ಎರಡಿಂಚು ಬಿಟ್ಟಿದೀಯಾ?"

ಅವನು ಬಗ್ಗಿ ನೋಡಿದ. ಹೌದು, ಬಿಟ್ಟಿದ್ದ. ಬಿಟ್ಟದ್ದು ಅವನಿಗೇ ಗೊತ್ತಿರಲಿಲ್ಲ.

"ಕತ್ತರಿಸಿಬಿಡೋ," ಎಂದಳು ಅಕ್ಕ. "ನೋಡಿದ್ರೆ ಕರುಳು ಕಿತ್ತು ಬರುತ್ತೆ."

ಅವನು ಜೇಬಿನಿಂದ ಹೊಲಿಗೆ ಬಿಚ್ಚುವ ಅರ್ಧ ಬ್ಲೇಡು ತೆಗೆದ. ಹಿಂದಿನ ದಿನದಿಂದ ತುಟಿ ಪಿಟಕ್ಕೆನ್ನದ ಹೆಂಡತಿ ಅವನ ಮಣಿಕಟ್ಟು ಹಿಡಿದಳು.

"ಬೇಡ. ಇರ್ಲಿ."

"ಬೇಕಂತ ಬಿಟ್ಟಿದ್ದಲ್ಲ ಕಣೇ. ಕೈ ರೂಢಿ. ನನಗೆ ಅಷ್ಟು ನಂಬಿಕೆ ಎಲ್ಲಿದೆ?"

ಅವಳು ಪೆಟ್ಟಿಗೆಯ ಮೇಲೆ ಬಗ್ಗಿದಳು. ಅಂಚು ಮಗುಚಿ ಒಳಗಡೆ ಬೆರಳಾಡಿಸಿದಳು. ಸುತ್ತಲೂ ಒತ್ತೊತ್ತಾದ ಯಂತ್ರದ ಹೊಲಿಗೆ.

"ನೂಲಿನ ತುದಿ ಎಲ್ರೀ?"

ಅವನು ತಾನೂ ಅಂಚು ಮುಟ್ಟಿ ನೋಡಿದ.

"ಊರ ಮಕ್ಕಳಿಗೆಲ್ಲ ಬಿಡ್ತೀರಿ," ಎಂದಳು ಅವಳು. " ಇವಳಿಗೆ ಬಿಟ್ಟಿಲ್ಲ. ಅಲ್ಲಿ ಇವಳು ಬೆಳೆದ್ರೆ ಬಿಚ್ಚೋಕೆ ನಾನು ಜೊತೆಗಿರಲ್ಲ. ಇಷ್ಟು ಗಟ್ಟಿ ಹೊಲಿದಿಟ್ರೆ ಯಾರು ಬಿಚ್ತಾರೆ?"

ಹೊರಗೆ ಗಾಡಿ ಬಂದಿತ್ತು. ಪೆಟ್ಟಿಗೆ ಹೊರುವವರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಪಾದ್ರಿಯವರು ಕೈ ಎತ್ತಿ ಅವರನ್ನು ತಡೆದರು. ಅವನು ಪೆಟ್ಟಿಗೆಯ ಪಕ್ಕ ನೆಲಕ್ಕೆ ಕೂತು, ತಾನೇ ಹಾಕಿದ ಹೊಲಿಗೆಯನ್ನು ಸುತ್ತಲೂ ಬಿಚ್ಚಿದ. ಸೂಜಿಗೆ ನೂಲು ಪೋಣಿಸಲು ಈಗಲೂ ಆಗಲಿಲ್ಲ. ಕತ್ತರಿಸಿಬಿಡು ಎಂದಿದ್ದ ಅಕ್ಕನೇ ನೂಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಪೋಣಿಸಿ ಕೊಟ್ಟಳು. ಎರಡಿಂಚು ಮತ್ತೆ ಮಡಿಸಿ, ಸಡಿಲವಾಗಿ, ಆ ಪುಟ್ಟ ಕಾಲುಗಳಿಗೆ ಸೂಜಿ ಚುಚ್ಚದಂತೆ ಎಡಗೈ ಅಡ್ಡ ಹಿಡಿದುಕೊಂಡು ಹೊಲಿದ. ಚುಚ್ಚಿದರೂ ಅವಳಿಗೆ ನೋಯುವುದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಇದರಿಂದ ಅವನ ದುಃಖ ಒಂದು ಗುಲಗಂಜಿಯಷ್ಟಾದರೂ ಇಳಿಯಿತೆಂದರೆ ಅದು ಸುಳ್ಳು. ಅಳುತ್ತಲೇ ಹೊಲಿದ.

ಕೊನೆಯ ಹೊಲಿಗೆ ಮುಗಿದಾಗ ನಾಲ್ಕು ದಾಟಿತ್ತು. ಎಂದಿನಂತೆ ಅರ್ಧ ಬೆರಳು ನೂಲು ಬಿಟ್ಟು ಕತ್ತರಿ ಇಡಲು ಹೋದ.

"ಇನ್ನೂ ಸ್ವಲ್ಪ ಉದ್ದ ಬಿಡಿ," ಎಂದಳು ಹೆಂಡತಿ. "ಸುಲಭವಾಗಿ ಕೈಗೆ ಸಿಗ್ಲಿ."

ಅವನು ಗೇಣುದ್ದ ಬಿಟ್ಟು ಕತ್ತರಿಸಿದ.